ಎಂಟು ಅಂಕದ ದಿನ

ಹೆಂಡತಿ ತೀರಿಕೊಂಡ ಮೇಲೆ ಪುಸ್ತಕ ಕಟ್ಟುವವನು ಮಂಕಾಗಿ ಕೂತುಬಿಟ್ಟ. ಮಡಚಿದ ಹಾಳೆಗಳನ್ನು ಹೊಲಿಯುತ್ತಿದ್ದವಳು ಅವಳು. ರಟ್ಟು ಅಂಟಿಸುವುದಷ್ಟೇ ಅವನ ಪಾಲು. ಡಾಕ್ಟರು ಒಂದು ದಾರಿ ಹೇಳಿದ್ದರು. ಆಯಾ ದಿನದ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕವೆಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು, ದಿನಕ್ಕೊಂದು ಸಣ್ಣ ಕೆಲಸ ಮುಗಿಸಬೇಕು.

ತಿಂಗಳಾದ ಮೇಲೆ ಮಗಳು ಆ ಪುಸ್ತಕ ತಿರುವಿದಳು. ಎಲ್ಲ ಎರಡು, ಮೂರು. ಅಲ್ಲೊಂದು ಇಲ್ಲೊಂದು ಎಂಟು.

"ಏನಪ್ಪಾ, ಜಿಪುಣ ಮೇಷ್ಟ್ರ ಥರ ಅಂಕ ಕೊಟ್ಟಿದ್ದೀಯ! ಮತ್ತೆ ಈ ಮಂಗಳವಾರ ಎಂಟು ಯಾಕೆ?"

"ಅವತ್ತು ನಿಮ್ಮಮ್ಮ ಬಂದಿದ್ಲು. ಒಳಕೋಣೇಲಿ ದಾರ ಎಳೆಯೋ ಸದ್ದು ಕೇಳಿಸ್ತು."

ಮಗಳ ನಗು ನಿಂತಿತು. ಒಳಕೋಣೆಯಲ್ಲಿ ಹೊಲಿಯದ ಹಾಳೆಗಳು ಹಾಗೇ ಬಿದ್ದಿದ್ದವು.

"ಹಾಗಾದ್ರೆ ಇವತ್ತಿನ ಸಣ್ಣ ಕೆಲಸ ಇದೇ. ಅಮ್ಮನ ಬೆಂಚಿನ ಮೇಲೆ ಕೂತು ಒಂದೇ ಒಂದು ಕಟ್ಟು ಹೊಲಿ."

"ನಾನು ಕೂತ್ರೆ ಅವಳೆಲ್ಲಿ ಕೂರ್ತಾಳೆ? ನಾನು ಹುಷಾರಾದ್ರೆ ಅವಳು ಬರೋದೇ ಇಲ್ಲ ಕಣಮ್ಮ."

"ನಿನ್ನ ಸೊಟ್ಟ ಹೊಲಿಗೆ ನೋಡಿ ಬೈಯೋಕಾದ್ರೂ ಬರ್ತಾಳೆ. ಏಳು."

ಅವನು ದೇವರನ್ನು ನೆನೆದು ಕೂತ. ಸೂಜಿ ಚುಚ್ಚಿ ದಾರ ಎಳೆದ. ಅದೇ ಸದ್ದು. ಬೆಚ್ಚಿ ಕೈ ನಿಲ್ಲಿಸಿದ, ಸದ್ದೂ ನಿಂತಿತು. ಬಹಳ ಹೊತ್ತು ಕಿವಿಗೊಟ್ಟು ಕಾದ. ಕೋಣೆ ಸುಮ್ಮನಿತ್ತು. ಮತ್ತೆ ತಾನೇ ಎಳೆದ.

ಸಂಜೆ ಪುಸ್ತಕದಲ್ಲಿ ನಾಲ್ಕು ಅಂಕ ಬರೆದ. ಅದರ ಕೆಳಗೆ, ಒಂದು ಕಟ್ಟು ಹೊಲಿದೆ ಎಂದು ಬರೆದ.

ಮರುದಿನ ಯಾರೂ ಹೇಳದೆಯೇ ಒಳಗೆ ಹೋದ. ಬೆಂಚಿನ ಅರ್ಧ ಜಾಗ ಬಿಟ್ಟು, ತುದಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸಿದ.