ಇಸ್ತ್ರಿ ಕೋಣೆಯಲ್ಲಿ ಚಳಿ

ಅಕ್ಕ ಹೋದ ಸುದ್ದಿ ನನಗೆ ತಿಳಿದದ್ದು ಬುಧವಾರ ಬೆಳಿಗ್ಗೆ, ಅವಳು ಕೆಲಸ ಮಾಡುತ್ತಿದ್ದ ಲಾಂಡ್ರಿಯ ಮಾಲೀಕನಿಂದ. ಎಂಟು ಗಂಟೆಗೆ ಬರುವವಳು ಎಂಟೂವರೆಯಾದರೂ ಬಾರದಿದ್ದಾಗ ಅವನೇ ಅವಳು ಒಬ್ಬಳೇ ವಾಸವಿದ್ದ ಕೋಣೆಗೆ ಹೋಗಿ ನೋಡಿದ್ದ. "ಅಮ್ಮಾ, ಅಕ್ಕ ನಿದ್ದೇಲೇ ಹೋಗ್ಬಿಟ್ರು" ಎಂದು ಫೋನಿನಲ್ಲಿ ಹೇಳಿದ. ಮೂವತ್ತೊಂದು ವರ್ಷಗಳಲ್ಲಿ ಅವಳು ಹೇಳದೆ ಕೇಳದೆ ತಪ್ಪಿಸಿದ ಮೊದಲ ದಿನ ಅದು. ಎಪ್ಪತ್ತನಾಲ್ಕರ ವಯಸ್ಸಿನಲ್ಲೂ ಇಸ್ತ್ರಿಯ ಮೇಜು ಬಿಡದೆಯೇ ಹೋದಳು. ಆ ಮೇಜನ್ನು ಅವಳು ಹೇಗೆ ಉಳಿಸಿಕೊಂಡಳೆಂಬುದನ್ನು ನಾನು ಹೇಳಲೇಬೇಕು. ಅದರಲ್ಲಿ ನನ್ನ ತಪ್ಪೂ ಇದೆ.

ಮೂರು ವರ್ಷದ ಹಿಂದಿನ ಮಾತು. ಹಬೆ ತುಂಬಿದ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಉಳಿದವರೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ಅಕ್ಕ ಚಳಿಯೆಂದು ಸ್ವೆಟರ್ ತೊಟ್ಟು ನಿಲ್ಲತೊಡಗಿದಳು. ಮೈ ಭಾರವಾಗಿತ್ತು, ಕೈ ನಿಧಾನವಾಗಿತ್ತು. ಗಂಟೆಗೆ ಹನ್ನೆರಡು ಅಂಗಿ ಮುಗಿಸುತ್ತಿದ್ದವಳು ಏಳಕ್ಕೆ ಇಳಿದಿದ್ದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಈ ತಿಂಗಳು ಕಳೀಲಿ, ಆಮೇಲೆ ಮನೇಲಿ ಹಾಯಾಗಿರಿ" ಎಂದ ಮಾಲೀಕ.

"ಹಾಯಾಗಿರೋಕೆ ನಾನೇನು ಬೆಕ್ಕೇನಪ್ಪಾ?" ಎಂದಳು ಅಕ್ಕ. ನನ್ನ ಮನೆಗೆ ಬಂದು ಮಾತ್ರ ಕಣ್ಣೀರು ಹಾಕಿದಳು.

ರಕ್ತ ಪರೀಕ್ಷೆ ಮಾಡಿಸಿದೆವು. ಡಾಕ್ಟರಮ್ಮ ಚೀಟಿ ನೋಡಿ, "ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳೋ ಟಿಎಸ್‌ಎಚ್ ಸ್ವಲ್ಪ ಜಾಸ್ತಿ ಇದೆ. ಆದ್ರೆ ಥೈರಾಯ್ಡ್ ಹಾರ್ಮೋನು ಸರಿಯಾಗೇ ಇದೆ. ಈ ವಯಸ್ಸಲ್ಲಿ ಇಷ್ಟು ಏರೋದುಂಟು. ಎಷ್ಟೋ ಜನಕ್ಕೆ ತಾನಾಗೇ ಇಳಿಯುತ್ತೆ. ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋಣ, ಈಗ್ಲೇ ಮಾತ್ರೆ ಬೇಡ. ಸಕ್ಕರೆ, ಕೊಬ್ಬು ಎರಡೂ ಅಂಚಿಗೆ ಬಂದಿವೆ. ದಿನಾ ನಡೀರಿ, ಊಟ ಬಿಟ್ಟು ಸಿಹಿ ಟೀ ಕುಡಿಯೋದು ನಿಲ್ಸಿ" ಎಂದರು.

ಅಕ್ಕನಿಗೆ ಇದ್ದದ್ದು ಮೂರು ತಿಂಗಳಲ್ಲ, ಮೂರು ವಾರ. ನಾನಾದರೋ ಇಪ್ಪತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿರುವವಳು.

"ನಿನ್ನ ಡಬ್ಬೀದೇ ಕೊಡೇ. ಒಂದೇ ತಾಯಿ ಹೊಟ್ಟೇಲಿ ಹುಟ್ಟಿದೋರು, ನಿನಗೆ ಒಗ್ಗಿದ್ದು ನನಗೆ ಒಗ್ಗಲ್ವಾ?" ಎಂದಳು ಅಕ್ಕ.

ದೇವರ ಹೆಸರು ಹೇಳಿ ಕೊಟ್ಟುಬಿಟ್ಟೆ. ಎರಡು ವಾರದಲ್ಲಿ ಅವಳ ಕೈ ಚುರುಕಾದಂತೆ ಕಂಡಿತು. ಮಾಲೀಕ ಹಿಗ್ಗಿದ, ನಾನೂ ಬೀಗಿದೆ. ಆಮೇಲೊಂದು ಮಧ್ಯಾಹ್ನ ಅವಳ ಎದೆ ಡವಡವ ಹೊಡೆದುಕೊಂಡು, ಕೈ ನಡುಗಿ, ಬಿಸಿ ಇಸ್ತ್ರಿ ಪೆಟ್ಟಿಗೆ ಬಿಳಿ ಅಂಗಿಯ ಬೆನ್ನ ಮೇಲೆ ನಿಂತುಬಿಟ್ಟಿತು. ಸುಟ್ಟ ವಾಸನೆಗೆ ಎಲ್ಲರೂ ಓಡಿಬಂದರು.

"ಈ ಹಾಳು ಪೆಟ್ಟಿಗೆ! ಮೊನ್ನೆ ತಾನೆ ರಿಪೇರಿ ಮಾಡ್ಸಿದ್ದು. ಬರ್ಲಿ ರಿಪೇರಿ ಮಾಡಿದ ಆ ಪುಣ್ಯಾತ್ಮ, ಗ್ರಹಚಾರ ಬಿಡಿಸ್ತೀನಿ" ಎಂದು ಮಾಲೀಕ ಫೋನು ತೆಗೆದ.

ಸುಮ್ಮನಿದ್ದಿದ್ದರೆ ಸಾಕಿತ್ತು, ಮೇಜು ಅವಳದೇ ಆಗಿರುತ್ತಿತ್ತು. ಅಕ್ಕ ಸುಮ್ಮನಿರಲಿಲ್ಲ.

"ಅವನನ್ನ ಬೈಬೇಡಪ್ಪಾ. ಪೆಟ್ಟಿಗೆ ಸರಿಯಾಗಿದೆ. ಕೆಲಸ ಹೋಗುತ್ತೆ ಅಂತ ಡಾಕ್ಟರಮ್ಮ ಬೇಡ ಅಂದ ಮಾತ್ರೇನ ಕದ್ದು ತಿಂದೆ. ನಡುಗಿದ್ದು ನನ್ನ ಕೈ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ."

ಮಾಲೀಕ ಫೋನು ಜೇಬಿಗೆ ಹಾಕಿದ. "ಕಂಡಿದ್ದನ್ನೆಲ್ಲ ಹೊಟ್ಟೆಗೆ ಹಾಕ್ಕೊಂಡೇ ಅಲ್ವೇನಕ್ಕಾ ಇಷ್ಟಾಗಿದ್ದು! ನಡೀರಿ ಮೊದಲು ಆಸ್ಪತ್ರೆಗೆ" ಎಂದ.

ನನ್ನ ಹೆಸರನ್ನು ಅವಳು ಅಲ್ಲಿಯೂ ಎತ್ತಲಿಲ್ಲ. ಸುದ್ದಿ ತಿಳಿದು ಆಸ್ಪತ್ರೆಗೆ ಓಡಿದ ನಾನೇ ಡಾಕ್ಟರಮ್ಮನ ಮುಂದೆ ಒಪ್ಪಿಕೊಂಡೆ. "ನಿಮ್ಮ ಕಾಯಿಲೆ ಬೇರೆ, ಇವರ ಸ್ಥಿತಿ ಬೇರೆ. ಇವರ ವಯಸ್ಸಿಗೆ ಹೃದಯದ ತಾಳವೇ ತಪ್ಪಬಹುದಿತ್ತು" ಎಂದು ಅವರು ಬೈದದ್ದು ಈಗಲೂ ಕಿವಿಯಲ್ಲಿದೆ. ಮಾತ್ರೆ ಅಂದೇ ನಿಂತಿತು.

ಕೆಲಸದಿಂದ ತೆಗೆಯುತ್ತಾನೆಂದು ನಾವು ಅಂದುಕೊಂಡಿದ್ದರೆ ಮಾಲೀಕ ಹೇಳಿದ್ದೇ ಬೇರೆ: "ಸುಟ್ಟ ಅಂಗಿ ಮಡಚಿ ರಾಶಿ ಕೆಳಗೆ ಬಚ್ಚಿಡೋರನ್ನ ಕಂಡಿದೀನಿ. ಎತ್ತಿ ತೋರಿಸಿದೋರು ನೀವೊಬ್ರೇ. ಮೂರು ತಿಂಗಳು ಬಟ್ಟೆ ಗಂಟು ಮನೆಮನೆಗೆ ತಲುಪಿಸಿ. ಆಮೇಲೆ ನೋಡೋಣ."

ಹೀಗೆ ಅಕ್ಕನ ನಡಿಗೆ ಶುರುವಾಯಿತು. ನಾಲ್ಕು ಬೀದಿ, ಲಿಫ್ಟಿಲ್ಲದ ಮಹಡಿಗಳು. ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ. ರಾತ್ರಿ ಒಳ್ಳೆಯ ನಿದ್ದೆ. ಮೂರು ತಿಂಗಳ ಪರೀಕ್ಷೆಯಲ್ಲಿ ಟಿಎಸ್‌ಎಚ್ ತಾನಾಗಿ ಇಳಿದಿತ್ತು, ಸಕ್ಕರೆಯೂ ತಗ್ಗಿತ್ತು. "ಎಲ್ಲ ಸುಸ್ತಿಗೂ ಥೈರಾಯ್ಡೇ ಕಾರಣ ಅಲ್ಲ. ವರ್ಷಕ್ಕೊಮ್ಮೆ ತೋರಿಸ್ತಾ ಇರಿ" ಎಂದರು ಡಾಕ್ಟರಮ್ಮ.

ಅಕ್ಕ ಮೇಜಿಗೆ ಮರಳಿದಳು. ಗಂಟೆಗೆ ಹತ್ತು ಅಂಗಿ. ಹನ್ನೆರಡಾಗಲಿಲ್ಲ, ಯಾರೂ ಕೇಳಲೂ ಇಲ್ಲ. ಹೊಸದಾಗಿ ಸೇರಿದವರಿಗೆ ಮಾಲೀಕ ಕಾಲರ್ ತಿದ್ದುವುದನ್ನು ಕಲಿಯಲು ಅವಳನ್ನೇ ತೋರಿಸುತ್ತಿದ್ದ. ಅವಳ ತಂಗಿ ಎಂದು ಹೇಳಿಕೊಳ್ಳುವಾಗ ನನ್ನ ತಲೆ ತಾನಾಗಿ ಎತ್ತರವಾಗುತ್ತಿತ್ತು, ಈಗಲೂ ಆಗುತ್ತದೆ.

ದೇವರೇ, ಕೈಗೆ ಬಂದ ಅನ್ನ ಹೋದರೂ ಸರಿ, ಇನ್ನೊಬ್ಬನ ಮೇಲೆ ಸುಳ್ಳು ಹೊರೆ ಬೀಳಬಾರದೆಂದವಳು ಈಗ ನಿನ್ನ ಬಳಿ ಬಂದಿದ್ದಾಳೆ. ನನ್ನ ತಪ್ಪಿಗೆ ನನ್ನನ್ನೇ ಕೇಳು, ಅವಳನ್ನು ಕೇಳಬೇಡ. ನನ್ನಕ್ಕನ ಆತ್ಮವನ್ನು ನಿನ್ನ ಪಾದದ ತಂಪಿನಲ್ಲಿ ಶಾಂತವಾಗಿ ಇರಿಸಿಕೋ.