ಪ್ಯಾರಮೀಸಿಯಂನ ಮುಂಭಾಗ

ಕಣ್ಣಾರೆ ಕಂಡದ್ದನ್ನೇ ಸುಳ್ಳು ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರಲ್ಲಿ ಮೊದಲನೆಯವರು ನಮ್ಮ ವಿಜ್ಞಾನದ ಮೇಷ್ಟ್ರು ರಾಮಮೂರ್ತಿ ಸಾರ್.

ತಮಿಳುನಾಡಿನ ಗಡಿಯೊಳಗೆ, ಜವಳಗಿರಿ ಕಡೆಯ ನಮ್ಮ ಕನ್ನಡ ಶಾಲೆಯಿಂದ ಕೃಷ್ಣಗಿರಿಯ ವಿಜ್ಞಾನ ಪ್ರದರ್ಶನಕ್ಕೆ ಒಂದು ಮಾದರಿ ಹೋಗಬೇಕಿತ್ತು. ಸಾರ್ ಥರ್ಮಾಕೋಲಿನಲ್ಲಿ ಮೊಳದುದ್ದದ ಪ್ಯಾರಮೀಸಿಯಂ ಕೆತ್ತಿದರು. ಒಂದೇ ಜೀವಕೋಶದ ಪ್ರಾಣಿ ಅದು. ಒಂದು ತುದಿ ಮೊಂಡು, ಇನ್ನೊಂದು ಚೂಪು. ಚೂಪು ತುದಿಗೆ ‘ಮುಂಭಾಗ’ ಎಂದು ತಾವೇ ಚೀಟಿ ಬರೆದು ಗುಂಡುಸೂಜಿಯಲ್ಲಿ ಚುಚ್ಚಿದರು. ಬಂದವರಿಗೆ ವಿವರಿಸುವ ಕೆಲಸ ನನಗೆ ಸಿಕ್ಕಿತು.

ನಾನು ಕುಂಟೆಯ ನಿಂತ ನೀರಿನಲ್ಲಿ ರಾಗಿ ಹುಲ್ಲು ನೆನೆಹಾಕಿ, ವಾರ ಬಿಟ್ಟು ಒಂದು ತೊಟ್ಟನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಪ್ಯಾರಮೀಸಿಯಂಗಳು ಮೊಂಡು ತುದಿ ಮುಂದಾಗಿ, ಉರುಳುತ್ತಾ ಈಜುತ್ತಿದ್ದವು. ಏನಾದರೂ ತಾಗಿದರೆ ಚೂರು ಹಿಂದೆ ಸರಿದು, ತಿರುಗಿ, ಮತ್ತೆ ಮೊಂಡು ತುದಿಯಿಂದಲೇ ಹೊರಡುತ್ತಿದ್ದವು.

“ಸಾರ್, ಚೀಟಿ ಉಲ್ಟಾ ಆಗೈತೆ. ಬಂದು ನೋಡಿ,” ಅಂದೆ.

“ಚಪ್ಪಲಿ ಆಕಾರ ಅಂತ ಪುಸ್ತಕದಾಗೇ ಐತೆ. ಚಪ್ಪಲಿಗೆ ಚೂಪು ಮುಂದ್ಕೋ ಹಿಂದ್ಕೋ?” ಸಾರ್ ಕುರ್ಚಿ ಬಿಟ್ಟು ಏಳಲೇ ಇಲ್ಲ. “ನಾನ್ ಹೇಳ್ದಂಗೆ ಹೇಳು ದಿವ್ಯ. ಇಲ್ದಿದ್ರೆ ನಿನ್ ಬದ್ಲು ಭಾನು ಹೋಗ್ತಾಳೆ.”

ಮನೆಗೆ ಹೋಗಿ ಅಜ್ಜಿಗೆ ಹೇಳಿಕೊಂಡೆ. ಅಜ್ಜಿ ರೇಗಿಬಿಟ್ಟಳು. “ಎದ್ದು ಬಂದು ನೋಡಾಕೆ ಅವಯ್ಯಂಗೇನ್ ಬಂದೈತೆ ದೊಡ್ರೋಗ! ಆನೆ ಮಕ ಯಾವ ಕಡೆಗೈತೆ ಅಂತ ನೋಡ್ದೆ ಓಡೋನು ಮನೆ ಸೇರಲ್ಲ ಕಣಮ್ಮಿ.”

ನಿಜವೇ. ಆದರೆ ನನಗೆ ಕೃಷ್ಣಗಿರಿಗೆ ಹೋಗಲೇಬೇಕಿತ್ತು. ಹಲ್ಲು ಕಚ್ಚಿಕೊಂಡು ಒಪ್ಪಿದೆ.

ಅಲ್ಲಿ ತೀರ್ಪುಗಾರರಾಗಿ ಬಂದ ಮೇಡಂ ತಮಿಳಿನವರು, ಕನ್ನಡ ಓದಲು ಬಾರದು. ಇದರ ಮುಂಭಾಗ ಯಾವುದೆಂದು ತಮಿಳಿನಲ್ಲೇ ಕೇಳಿದರು. ಸಾರ್ ಪಕ್ಕದಲ್ಲಿ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನಾನು ಚೂಪು ತುದಿಯನ್ನು ತೋರಿಸಿದೆ.

“ತಪ್ಪಮ್ಮಾ. ಮೊಂಡು ತುದಿಯೇ ಮುಂಭಾಗ,” ಎಂದರು ಮೇಡಂ.

ಸಾರ್ ತಟ್ಟನೆ ತಮಿಳಿನಲ್ಲಿ ಶುರುಮಾಡಿದರು: “ಎಷ್ಟು ಸಲ ಹೇಳಿಕೊಟ್ಟೆ ಮೇಡಂ! ಈ ಹುಡುಗಿಯ ತಲೆಗೆ ಹೋಗುವುದೇ ಇಲ್ಲ.”

ಅಬ್ಬಾ, ಎಂಥ ನಾಲಿಗೆ! ಚೀಟಿಯನ್ನು ಸೂಜಿ ಸಮೇತ ಕಿತ್ತು ಸಾರ್ ಮುಂದೆ ಹಿಡಿದೆ. ಮೇಡಂಗೂ ತಿಳಿಯಲೆಂದು ತಮಿಳಿನಲ್ಲೇ ಹೇಳಿದೆ:

“ಇದರಲ್ಲಿ ಏನು ಬರೆದಿದೆ, ಯಾರ ಅಕ್ಷರ, ಮೇಡಂಗೆ ಓದಿ ಹೇಳಿ ಸಾರ್.”

ಸಾರ್ ಕೈ ಚಾಚಲಿಲ್ಲ. ಮೇಡಂ ಕಾಯುತ್ತಾ ನಿಂತಿದ್ದರು.