ನಡುವಿನ ಕಂಬ

ಮೊದಲ ಕಲ್ಲು ಬೀಸಿದವಳು ಕೆಂಚಕ್ಕನೇ. ಅದು ಎಂಜಿನಿಯರ್ ಪ್ರಸನ್ನಕುಮಾರನ ಹುಬ್ಬಿಗೆ ಬಡಿದು, ಅವನು ಹೆಣಕ್ಕೆಂದು ತಂದಿದ್ದ ಹಾರ ಕೈಯಿಂದ ಜಾರಿತು. ಆಮೇಲೆ ಯಾರು ಯಾರನ್ನು ತಡೆಯುತ್ತಾರೆ? ತಾಳ್ಯ ಊರಿನ ಗಂಡಸರೆಲ್ಲ ಅವನ ಮೇಲೆ ಬಿದ್ದರು. ಕೆಂಚಕ್ಕನ ಗಂಡ ಕಾಟಲಿಂಗಪ್ಪ ಅಂಗಳದ ಚಟ್ಟದ ಮೇಲಿದ್ದ. ಮುಖಕ್ಕೂ ಬಟ್ಟೆ ಸುತ್ತಿದ್ದರು. ತೋರಿಸುವಂಥ ಮುಖ ಉಳಿದಿರಲಿಲ್ಲ.

"ಮೂರಿಂಚಿನ ಸೂರು ಹಾಕ್ಸಿ ನಮ್ ಭಾವನ್ನ ಕೊಂದ್ಯಲ್ಲಲೇ!" ಕೆಂಚಕ್ಕನ ತಮ್ಮ ಚಿಕ್ಕತಿಮ್ಮಪ್ಪ ಒದ್ದ.

"ದಪ್ಪದ್ದಲ್ಲ ತಪ್ಪು..." ಎಂದ ಎಂಜಿನಿಯರ್. ಎರಡನೇ ಒದೆ ಅವನ ಬಾಯಿಗೇ ಬಿತ್ತು.

ಕಾಟಲಿಂಗಪ್ಪ ಸೆಂಟ್ರಿಂಗ್ ಮೇಸ್ತ್ರಿ. ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರುವ ಹಲಗೆ, ಕಂಬ ನಿಲ್ಲಿಸುವುದು, ಆಮೇಲೆ ಬಿಚ್ಚುವುದು ಅವನ ಕೆಲಸ. ಹೊಳಲ್ಕೆರೆ, ಹೊಸದುರ್ಗದ ಕಡೆ ಅವನು ಕಂಬ ಕೊಡದ ಆರ್‌ಸಿಸಿ ಮನೆಗಳೇ ಕಡಿಮೆ. ಮಾತಿಗಿಂತ ಕೈಯೇ ಮುಂದು. ಬಿಚ್ಚುವಾಗ ಮೈಮರೆತವನಿಗೆ ಕಪಾಳಕ್ಕೆ ಬೀಳುತ್ತಿತ್ತು. ಆದರೆ ಅವನ ಕೈಕೆಳಗೆ ಒಬ್ಬನೂ ಸತ್ತಿರಲಿಲ್ಲ, ಊರಿಗೆಲ್ಲ ಗೊತ್ತಿದ್ದ ಹೆಮ್ಮೆ ಅದು.

*

ಹಿಂದಿನ ದಿನ ಕಾಟಲಿಂಗಪ್ಪನೂ ಎಂಜಿನಿಯರೂ ಹೊಸ ಕಲ್ಯಾಣಮಂಟಪದ ಗುಮ್ಮಟದ ಅಡಿಯಲ್ಲಿದ್ದರು. ಬೋರಲು ಹಾಕಿದ ಬಾಣಲೆಯ ಹಾಗೆ ತನ್ನ ಬಾಗಿದ ಆಕಾರದ ಬಲದಿಂದಲೇ ನಿಲ್ಲುವ ಗುಮ್ಮಟ. ಅಂಥದ್ದನ್ನು ಆ ಸೀಮೆಯಲ್ಲಿ ಯಾರೂ ಕಟ್ಟಿರಲಿಲ್ಲ.

"ನಡುವಿಂದ ಬಿಚ್ಕೊಂಡು ಅಂಚಿಗೆ ಬರ್ರಿ ಮೇಸ್ತ್ರಿ," ಪ್ರಸನ್ನಕುಮಾರ ಹೇಳಿದ. "ನಡುವೆ ಒಂದು ಕಂಬ ಉಳಿದ್ರೂ ಅದೇ ಗುಮ್ಮಟನ ತಿವಿದು ಒಡೆದುಬಿಡ್ತೈತೆ."

ಕಾಟಲಿಂಗಪ್ಪ ತಲೆಯಾಡಿಸಿದ. ಎಂಜಿನಿಯರನ ಅಂಬಾಸಿಡರ್ ಕಾರು ಚಿತ್ರದುರ್ಗದ ಕಡೆ ಹೊರಟ ಮೇಲೆ ತಮ್ಮ ದಯಾನಂದನತ್ತ ತಿರುಗಿದ.

"ಮನೆ ಸೂರಿಗೇ ನಡುವಿನ ಕಂಬ ಕೊನೇಗೆ ತೆಗಿಯೋದು. ಇಷ್ಟು ತೆಳ್ಳಗಿರೋದಕ್ಕೆ ಮೊದ್ಲೇ ತೆಗೀತಾರೇನ್ಲೇ?"

"ಅವ್ರು ಹೇಳಿದ್ರಲ್ಲಣ್ಣ."

"ಅಡೀಲಿ ನಿಲ್ಲೋನು ನೀನು, ಅವ್ರಲ್ಲ."

ನಡುವಿನ ಕಂಬಕ್ಕೆ ಇನ್ನೊಂದು ಬೆಣೆ ಬಡಿದು ಬಿಗಿ ಮಾಡಿದ.

ಅಂಚಿನ ಕಂಬಗಳು ಒಂದೊಂದಾಗಿ ಸಡಿಲಾದವು. ಗುಮ್ಮಟ ಸುತ್ತಲೂ ತುಸು ಇಳಿಯಿತು, ನಡು ಮಾತ್ರ ಇಳಿಯಲಿಲ್ಲ. ಕಂಬ ನೆತ್ತಿಯನ್ನು ಸೀಳಿಕೊಂಡು ಮೇಲೆ ಹೋಯಿತು. ಕಾಟಲಿಂಗಪ್ಪ ತಮ್ಮನ ಪಕ್ಕೆಗೆ ಒದ್ದ. ಎಲುಬು ಮುರಿದು ದಯಾನಂದ ಬಾಗಿಲಾಚೆ ಬಿದ್ದ. ಗುಮ್ಮಟ ಕುಸಿಯಿತು, ಅಣ್ಣ ಅದರ ಅಡಿಯಲ್ಲೇ ಉಳಿದ.

*

ಅಂಗಳದಲ್ಲಿ ಚಿಕ್ಕತಿಮ್ಮಪ್ಪ ಹೆಣದ ಗುಂಡಿ ತೋಡಿ ತಂದಿದ್ದ ಹಾರೆ ಎತ್ತಿದ. ಎಂಜಿನಿಯರ್ ಮಣ್ಣಲ್ಲಿ ಮುಖ ಹುದುಗಿಸಿ ಬಿದ್ದಿದ್ದ. ಪಕ್ಕೆ ಹಿಡಿದು ನಿಂತಿದ್ದ ದಯಾನಂದ ಸುಮ್ಮನಿದ್ದರೆ ಎಂಜಿನಿಯರ್ ಅಣ್ಣನ ಅಂಗಳದಲ್ಲೇ ಸಾಯುತ್ತಾನೆ. ಬಾಯಿಬಿಟ್ಟರೆ ಅಣ್ಣನ ಹೆಸರು ಮಣ್ಣಾಗುತ್ತದೆ. ಅವನಿಗೆ ಎರಡೂ ಬೇಡವಾಗಿತ್ತು.

"ಬಿಡ್ರೋ! ಅವ್ರು ಸರಿಯಾಗೇ ಹೇಳಿದ್ರು. ನಡುವಿನ ಕಂಬ ಉಳ್ಸಿದ್ದು ನಮ್ಮಣ್ಣ!"

ಹಾರೆ ಅವನ ಕಡೆಗೇ ತಿರುಗಿತು. ಎರಡು ಹಲ್ಲು ಉದುರಿದವು.

"ಸತ್ತೋರ ಮೇಲೆ ತಪ್ಪು ಹಾಕ್ತೀಯೇನ್ಲೇ, ನಾಯಿ!"

ಕೆಂಚಕ್ಕ ನಡುವೆ ಬಂದಳು. "ಯಾಕ್ ಉಳ್ಸಿದ್ರು?"

"ಅಡೀಲಿ ನಾನಿದ್ದೆ ಅತ್ಗೆ."

ಅವಳು ಹೊಡೆದಳು. ಎದೆಗೆ, ಮುಖಕ್ಕೆ, ಮುರಿದ ಪಕ್ಕೆಗೆ, ಕೈ ಸೋಲುವವರೆಗೆ ಹೊಡೆದಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಅಷ್ಟರಲ್ಲಿ ಯಾರೋ ಎಂಜಿನಿಯರನ್ನು ಎತ್ತಿ ಕಾರಿಗೆ ಹಾಕಿದರು. ಅವನನ್ನು ಮುಟ್ಟುವ ಹುಮ್ಮಸ್ಸು ಯಾರಿಗೂ ಉಳಿದಿರಲಿಲ್ಲ.

"ಹೊತ್ತಾತು, ಎತ್ರಪ್ಪ," ಹಿರಿಯ ಪರಮೇಶ್ವರಪ್ಪ ಅಂದ.

ಮೂವರು ಚಟ್ಟಕ್ಕೆ ಹೆಗಲು ಕೊಟ್ಟರು. ಮುಂದಿನ ಬಲಮೂಲೆಗೆ ಚಿಕ್ಕತಿಮ್ಮಪ್ಪ ಬಗ್ಗಿದ. ಕೆಂಚಕ್ಕ ಅವನನ್ನು ಆಚೆ ನೂಕಿ, ದಯಾನಂದನನ್ನು ಅಂಗಿ ಹಿಡಿದು ಎಳೆತಂದು ಬಿದಿರಿನ ಅಡಿಗೆ ತಳ್ಳಿದಳು.

"ಹೊರಲೇ. ನಿಂಗೋಸ್ಕರ ಹೋದ ಜೀವ, ನೀನೇ ಹೊರು."

ಚಟ್ಟ ಎದ್ದಿತು. ದಯಾನಂದನ ಬಾಯಿಯ ರಕ್ತ ಹಸಿ ಬಿದಿರಿನ ಮೇಲೆ ಇಳಿಯುತ್ತಿತ್ತು. ಕೆಂಚಕ್ಕನ ಮುಷ್ಟಿ ಹಿಂದಿನಿಂದ ಅವನ ಅಂಗಿಯನ್ನು ಹಿಡಿದೇ ಇತ್ತು. ಗುಂಡಿಯ ದಡ ಬಂದರೂ ಅವಳು ಬಿಡಲಿಲ್ಲ.